ಎಡದ ತುತ್ತು

ಬಾಯಿಯೊಳಗೆ ಇಳಿಸುವ ಆ ಪುಟ್ಟ ಗುಂಡು ಕನ್ನಡಿಗೆ ಮೊದಲು ಮಂಜು ಹಿಡಿಯುತ್ತದೆ. ಉಸಿರು ಬಿಸಿ, ಕನ್ನಡಿ ತಣ್ಣಗೆ. ಒಳಗೆ ಹೋದ ಕೂಡಲೇ ಮಸುಕಾಗಿ ಏನೂ ಕಾಣದಂತಾಗುತ್ತದೆ. ಅದಕ್ಕೇ ನಾವು ಹಲ್ಲಿನ ವೈದ್ಯರು ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಆಮೇಲೆ ಬಾಯಿಗೆ ಇಡುತ್ತೇವೆ; ಆದರೂ ತಣಿಯುತ್ತಲೇ ಮತ್ತೆ ಮಸುಕಾಗುತ್ತದೆ. ನಲವತ್ತು ವರ್ಷ ಊರವರ ಬಾಯಿ ನೋಡುತ್ತಲೇ ಬದುಕಿದವಳು ನಾನು. ಸುಳ್ಳು ಹೇಳುವ ಬಾಯಿ, ಹಸಿದ ಬಾಯಿ, ಬೀಡಿ ಸೇದಿ ಕಪ್ಪಾದ ಬಾಯಿ, ಎಲ್ಲದರಲ್ಲೂ ಆ ಕನ್ನಡಿ ಮಸುಕಾಗಿದೆ. ಕನ್ನಡಿ ಮಸುಕಾಗದ ಬಾಯಿಯನ್ನು ಕಂಡದ್ದು ಒಂದೇ ಒಂದು. ಅದೂ ಅರ್ಧ ಬಾಯಿ.

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನಗೆ ಅನ್ನ ಹಾಕಿದವರಿದ್ದಾರೆ, ಅವರ ಮೊಮ್ಮಕ್ಕಳಿದ್ದಾರೆ. ನಾನು ಅಲ್ಲಿಗೆ ಹೋದಾಗ ನನಗಿನ್ನೂ ಚಿಕ್ಕ ವಯಸ್ಸು, ಓದಿನ ಬಿಸಿ ಆರಿರಲಿಲ್ಲ. ಜನ ತಿನ್ನುವುದನ್ನು ತಿದ್ದಿದರೆ ಅವರ ಹಲ್ಲು ತಾನೇ ಸರಿಹೋಗುತ್ತದೆ, ಹಲ್ಲು ಸರಿಹೋದರೆ ಲೋಕದ ಅರ್ಧ ದುಃಖ ತೀರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಬಂದವರಿಗೆಲ್ಲ ಊಟದ ಪಾಠ ಹೇಳುತ್ತಿದ್ದೆ. ಸಿಹಿ ತಿಂದರೆ ಊಟದ ಜೊತೆಗೇ ತಿಂದು ಮುಗಿಸಿ, ದಿನವಿಡೀ ಬಾಯಲ್ಲಿಟ್ಟು ಚೀಪಬೇಡಿ. ತಿಂದ ಮೇಲೆ ಬಾಯಿ ಮುಕ್ಕಳಿಸಿ. ಮಕ್ಕಳಿಗೆ ಸೌತೆಕಾಯಿ, ಮೂಲಂಗಿ, ನೆನೆಸಿದ ಕಡಲೆ ಕೊಟ್ಟು ಅಗಿಯಲು ಬಿಡಿ. ನನ್ನ ಕಾಂಪೌಂಡರ್ ಜವರಯ್ಯ ಇದನ್ನೆಲ್ಲ ಗೋಡೆಗೊರಗಿ ಕೇಳಿಸಿಕೊಳ್ಳುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ, ಆ ಊರಲ್ಲೇ ಹುಟ್ಟಿದವನು. ಎಲೆಅಡಿಕೆ ಹಾಕಿ ಅವನ ಹಲ್ಲೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

"ಜವರಯ್ಯ, ನಿನ್ನ ಬಾಯಿ ನೋಡಿದರೆ ನನ್ನ ಮಾತು ಯಾರು ನಂಬುತ್ತಾರೆ?" ಎಂದು ಕೆಣಕುತ್ತಿದ್ದೆ.

"ನನ್ ಹಲ್ಲಿಗೆ ನಾನು ಜವಾಬು ಹೇಳ್ಕೊತೀನಿ, ಬುಡಿ ಡಾಕ್ಟ್ರಮ್ಮ," ಎನ್ನುತ್ತಿದ್ದ ಅವನು, ಸ್ವಲ್ಪವೂ ಬೇಸರಿಸದೆ.

ಒಂದು ಬೆಳಗ್ಗೆ ಹೂವಾಡಿಗರ ಬೀದಿಯ ಚೆಲುವಮ್ಮ ತನ್ನ ಮಗಳನ್ನು ಕರೆದುಕೊಂಡು ಬಂದಳು. ಸಂತೆಯಲ್ಲಿ ಹೂ ಮಾರಿ ಬದುಕುವ ಹೆಂಗಸು, ಗಂಡ ತೀರಿಕೊಂಡಿದ್ದ. ಸೊಂಟದ ಮೇಲಿನ ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಿ, ಮಗಳನ್ನು ಮುಂದಕ್ಕೆ ತಳ್ಳಿದಳು. ಎಂಟು ವರ್ಷದ ಹುಡುಗಿ, ಹೆಸರು ತುಳಸಿ. ಎಡಗೆನ್ನೆ ಬಾತು ಕಣ್ಣಿನ ಕೆಳಗಿನವರೆಗೆ ಕೆಂಪಗಾಗಿತ್ತು, ಮೈ ಕಾಯುತ್ತಿತ್ತು. ಅಂಥ ನೋವಿದ್ದೂ ಆ ಮಗು ಅಳುತ್ತಿರಲಿಲ್ಲ; ಬೇರೆಯವರ ಪರವಾಗಿ ಬಂದವರಂತೆ ತಾಳ್ಮೆಯಿಂದ ಕುಳಿತಿತ್ತು.

ಬಾಯಿ ತೆಗೆಸಿ ಕನ್ನಡಿ ಇಟ್ಟೆ. ಬಲಗಡೆಯ ಹಲ್ಲುಗಳನ್ನು ನೋಡಿ ನನಗೆ ಸಂತೋಷವೇ ಆಯಿತು. ಎಲ್ಲೂ ಒಂದು ಚುಕ್ಕೆಯಿಲ್ಲ, ಒಸಡು ತಿಳಿಗೆಂಪಾಗಿ ಬಿಗಿಯಾಗಿತ್ತು. ಕನ್ನಡಿ ಮಸುಕಾಯಿತು, ತೆಗೆದು ಒರೆಸಿ ಎಡಗಡೆಗೆ ಇಟ್ಟೆ. ಅಲ್ಲಿ ಹಾಲುಹಲ್ಲುಗಳೆಲ್ಲ ಹುಳುಕು ಹಿಡಿದು ಕರಗಿಹೋಗಿದ್ದವು. ಮೂರರ ಬರೀ ಬುಡ ಉಳಿದಿತ್ತು, ಕೆಳಗಿನ ಒಸಡು ಕೀವು ತುಂಬಿ ಉಬ್ಬಿತ್ತು. ಆರನೇ ವರ್ಷಕ್ಕೆ ಹುಟ್ಟುವ ಕಾಯಂ ದವಡೆ ಹಲ್ಲಿಗೂ ಕಪ್ಪು ಇಳಿಯತೊಡಗಿತ್ತು. ಬಾಯಿಯ ಮಧ್ಯಕ್ಕೆ ಯಾರೋ ಗೆರೆ ಎಳೆದು, ಈ ಕಡೆ ಒಬ್ಬಳದು, ಆ ಕಡೆ ಇನ್ನೊಬ್ಬಳದು ಎಂದು ಹಂಚಿಕೊಟ್ಟ ಹಾಗಿತ್ತು. ಒಂದೇ ಎಂಜಲು ಓಡಾಡುವ ಬಾಯಿಯಲ್ಲಿ ಹೀಗೆ ಆಗುವುದನ್ನು ನಾನು ಓದಿರಲಿಲ್ಲ. ಬಹಳ ಹೊತ್ತು ನೋಡಿದೆ. ಅಷ್ಟು ಹೊತ್ತೂ ಎಡಗಡೆ ಇಟ್ಟ ಕನ್ನಡಿಗೆ ಮಂಜು ಹಿಡಿಯಲಿಲ್ಲ ಎಂಬುದು ಕೈ ತೊಳೆಯುವಾಗ ಹೊಳೆಯಿತು. ಮಗು ಮೂಗಿನಲ್ಲಿ ಉಸಿರಾಡಿರಬೇಕು ಎಂದುಕೊಂಡೆ.

"ಇವಳಿಗೆ ಏನು ತಿನ್ನಿಸ್ತೀಯ?" ಎಂದು ಕೇಳಿದೆ.

"ಎಲ್ಲಾರ್ ಮನೆ ಹಂಗೇ ಡಾಕ್ಟ್ರಮ್ಮ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು. ಬೆಳಿಗ್ಗೆ ರೊಟ್ಟಿ."

"ಸಿಹಿ?"

"ತುಳಸಿ ಸಿಹಿ ಮುಟ್ಟಲ್ಲ. ಸಣ್ಣೋಳಿದ್ದಾಗಿಂದ್ಲೂ ಅಷ್ಟೆ. ಹಬ್ಬದ ಒಬ್ಬಟ್ಟೂ ಬೇಡ ಅಂತಾಳೆ."

ನಾನು ನಂಬಲಿಲ್ಲ. ಬೆಲ್ಲವೋ ಕಲ್ಲುಸಕ್ಕರೆಯೋ ದಿನವೂ ಎಡಗೆನ್ನೆಯಲ್ಲಿ ತಾಸುಗಟ್ಟಲೆ ಕೂರದೆ ಹಲ್ಲು ಹೀಗೆ ಕರಗುವುದಿಲ್ಲ. ಸಿಹಿ ಬಾಯಲ್ಲಿ ಉಳಿದಷ್ಟು ಹೊತ್ತೂ ಅದು ಹುಳಿಯಾಗಿ ಹಲ್ಲನ್ನು ತಿನ್ನುತ್ತದೆ, ಎಂಜಲು ಬಂದು ತೊಳೆಯುವುದಕ್ಕೂ ಬಿಡುವು ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಪರೀಕ್ಷೆಗೆಂದು ಮೇಜಿನ ಮೇಲಿದ್ದ ಪೆಪ್ಪರಮೆಂಟನ್ನು ಮಗುವಿನ ಮುಂದೆ ಹಿಡಿದೆ. ತುಳಸಿ ವಾಸನೆಗೇ ಮುಖ ಕಿವುಚಿ ತಿರುಗಿಕೊಂಡಳು. ಚೆಲುವಮ್ಮ ನೋಡಿದಿರಾ ಎಂಬಂತೆ ನನ್ನ ಕಡೆ ನೋಡಿದಳು.

"ಕೀವು ಕಣ್ಣಿನ ಕಡೆಗೋ ಕುತ್ತಿಗೆಗೋ ಇಳಿದರೆ ಮಗು ಉಳಿಯೋದು ಕಷ್ಟ," ಎಂದು ಒರಟಾಗಿಯೇ ಹೇಳಿ, ಬಾವು ಇಳಿಯಲು ಮದ್ದು ಕೊಟ್ಟು, ನಾಲ್ಕು ದಿನ ಬಿಟ್ಟು ಬರಲು ಹೇಳಿದೆ. ಆ ಮಾತಿಗೆ ಅವಳ ಕೈ ಮಗಳ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ಎಡ ಹೆಗಲನ್ನು.

ಹೇಳಿದ ದಿನಕ್ಕೆ ಬಂದರು. ಮರಗಟ್ಟಿಸುವ ಮದ್ದು ಚುಚ್ಚಿ ಆ ಮೂರು ಬುಡಗಳನ್ನು ಕಿತ್ತೆ. ತುಳಸಿ ಕುರ್ಚಿಯ ಕೈ ಹಿಡಿದು ಸುಮ್ಮನೆ ಚಾವಣಿ ನೋಡುತ್ತಿದ್ದಳು. ಕೊನೆಯದನ್ನು ತಟ್ಟೆಗೆ ಹಾಕಿದಾಗ, "ಪಾಪ, ಅವಳಿಗೆ ನೋವಾಯ್ತು," ಎಂದಳು.

"ಯಾರಿಗಮ್ಮ?"

ಚೆಲುವಮ್ಮ ಥಟ್ಟನೆ ಸೆರಗಿನಿಂದ ಮಗಳ ಬಾಯಿ ಒರೆಸುವ ನೆಪದಲ್ಲಿ ಮುಚ್ಚಿಬಿಟ್ಟಳು. ನಾನೂ ಕೆದಕಲಿಲ್ಲ. ದವಡೆ ಹಲ್ಲಿನ ಹುಳುಕು ತೆಗೆದು ಬೆಳ್ಳಿ ತುಂಬಿಸಿದೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು ಎಂದಾಗ ಆ ಹೆಂಗಸು ಯಾಕೋ ಬೆಚ್ಚಿದಳು.

ಹತ್ತು ದಿನಕ್ಕೆ ಮತ್ತೆ ಅದೇ ಬಾತ ಕೆನ್ನೆ, ಅದೇ ಜ್ವರ. ಗಾಯ ನೋಡಿದರೆ ಮಾಯುವ ಬದಲು ಹಸಿಯಾಗಿ ಬಾಯ್ದೆರೆದಿತ್ತು. ಅದರೊಳಗೆ ಅರ್ಧ ಕರಗಿದ ಬೆಲ್ಲದ ಚೂರು ಇತ್ತು. ಚಿಮಟದಿಂದ ಅದನ್ನು ತೆಗೆದು ಚೆಲುವಮ್ಮನ ಕಣ್ಣ ಮುಂದೆ ಹಿಡಿದೆ.

"ಇದೇನು? ಮಗು ಸತ್ತರೂ ಪರವಾಗಿಲ್ಲ, ನೀನು ಬೆಲ್ಲ ತುರುಕೋದು ಬಿಡಲ್ಲ ಅಂತೀಯಾ?"

ಅವಳು ಮಗಳ ತಲೆಯ ಮೇಲೆ ಕೈಯಿಟ್ಟಳು. "ಇವಳ ಮೇಲಾಣೆ ಡಾಕ್ಟ್ರಮ್ಮ. ತುಳಸಿ ಒಂದ್ ಚೂರು ಬೆಲ್ಲ ತಿಂದಿಲ್ಲ."

ಮುಂಚೆಯೇ ಹೇಳಿದೆನಲ್ಲ, ಸುಳ್ಳು ಹೇಳುವ ಬಾಯಿಯನ್ನು ನಾನು ಬಲ್ಲೆ. ಅವಳದು ಸುಳ್ಳು ಹೇಳುವ ಬಾಯಿಯಾಗಿರಲಿಲ್ಲ. ಕೈಯಲ್ಲಿ ಬೆಲ್ಲ ಹಿಡಿದುಕೊಂಡೇ ಪೆದ್ದಿಯಂತೆ ನಿಂತೆ. ಗಾಯ ತೊಳೆದು, ಮದ್ದು ಕೊಟ್ಟು ಅವರನ್ನು ಕಳಿಸಿದ ಮೇಲೆ ಜವರಯ್ಯ ಚಿಮಟ ತೊಳೆಯುತ್ತ, ನನ್ನ ಕಡೆ ತಿರುಗದೆ ಮಾತಾಡಿದ.

"ನೀವು ಕೇಳ್ಬೇಕಾದ್ದ ಕೇಳ್ಲಿಲ್ಲ. ತುಳಸಿ ಏನ್ ತಿಂತಾಳೆ ಅಂದ್ರಿ, ಅವಳು ತುಳಸಿ ತಿನ್ನೋದ ಹೇಳಿದ್ಲು. ದವನ ಏನ್ ತಿಂತಾಳೆ ಅಂತ ಕೇಳ್ಬೇಕಾಗಿತ್ತು."

"ದವನ ಯಾರು?"

"ತುಳಸಿ ಜೊತೇಲಿ ಹುಟ್ಟಿದೋಳು. ನಾಕು ವರ್ಷದೋಳಿದ್ದಾಗ ಜ್ವರ ಬಂದು ಹೋದ್ಲು."

ಆಗ ಅವನು ಎಡದ ತುತ್ತಿನ ವಿಷಯ ಹೇಳಿದ. ಆ ಬೀದಿಯವರಲ್ಲಿ ಅವಳಿ ಮಕ್ಕಳಲ್ಲಿ ಒಂದು ಸತ್ತರೆ ಅದರ ಪಾಲನ್ನು ಉಳಿದ ಮಗುವೇ ತನಗೆ ಹನ್ನೆರಡು ತುಂಬುವವರೆಗೆ ಉಣ್ಣಬೇಕು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಇದ್ದವರಾದ್ದರಿಂದ ಇಬ್ಬರಿಗೂ ಒಂದೇ ಬಾಯಿ ಸಾಕು ಎಂಬುದು ಅವರ ಎಣಿಕೆ. ತನ್ನ ಊಟವನ್ನು ಮಗು ಬಲಗಡೆ ಅಗಿಯುತ್ತದೆ. ಆಮೇಲೆ ದೀಪ ಹಚ್ಚಿದ ಹೊತ್ತಿಗೆ ತಾಯಿ ಸತ್ತ ಮಗುವಿನ ತುತ್ತನ್ನು ಎಡಗೆನ್ನೆಯಲ್ಲಿಡುತ್ತಾಳೆ. ಅದನ್ನು ಅಗಿಯುವಂತಿಲ್ಲ, ತಾನೇ ಕರಗಬೇಕು. ಬೆಳಗಾಗುವವರೆಗೆ ಬಾಯಿ ತೊಳೆಯುವಂತಿಲ್ಲ, ತೊಳೆದರೆ ಸತ್ತ ಕೂಸಿನ ಬಾಯಿಂದ ಕಿತ್ತುಕೊಂಡ ಹಾಗೆ. ಮತ್ತು ಅದು ಸಿಹಿಯೇ ಆಗಿರಬೇಕು.

"ಯಾಕೆ ಸಿಹಿ?"

"ನೆಂಟ್ರಿಗೆ ಸಿಹಿ ಕೊಟ್ಟು ಕಳಿಸ್ತೀವಲ್ವಾ, ಹಂಗೆ. ಹೋಗೋರಿಗೆ ಉಪ್ಪು ಹಾಕ್ಬಾರ್ದು ಡಾಕ್ಟ್ರಮ್ಮ. ಉಪ್ಪು ಉಂಡೋರು ಮನೆಯೋರಾಗ್ಬುಡ್ತಾರೆ. ಋಣ ಅಂಟ್ಕೊಂಡ್ರೆ ಆಮೇಲೆ ಹೋಗಲ್ಲ."

ನನಗೆ ನಗು ಬಂತು, ಸಿಟ್ಟೂ ಬಂತು. ಒಂದು ವಾರದಲ್ಲಿ ಎರಡನೇ ಮಗುವನ್ನೂ ಇವರು ಹೂಳುತ್ತಾರೆ, ಇದನ್ನು ನಿಲ್ಲಿಸಲೇಬೇಕು ಎಂದುಕೊಂಡು ಆ ಸಂಜೆಯೇ ಹೂವಾಡಿಗರ ಬೀದಿಗೆ ಹೋದೆ.

ಒಂದೇ ಕೋಣೆಯ ಮನೆ. ಒದ್ದೆ ಬಟ್ಟೆ ಹೊದಿಸಿದ ಸೇವಂತಿಗೆಯ ರಾಶಿ ಮೂಲೆಯಲ್ಲಿತ್ತು. ಆಗತಾನೆ ದೀಪ ಹಚ್ಚಿದ್ದರು. ಚೆಲುವಮ್ಮ ನನ್ನನ್ನು ಕಂಡು ಗಾಬರಿಯಾದಳು, ಆದರೆ ಮನೆಗೆ ಬಂದವರನ್ನು ಕೂರಿಸದಿರಲು ಆಗದೆ ಮಣೆ ಹಾಕಿದಳು. ತುಳಸಿಯ ಮುಂದೆ ಎರಡು ತಟ್ಟೆಗಳಿದ್ದವು. ದೊಡ್ಡ ತಟ್ಟೆಯಲ್ಲಿ ಉಂಡು ಮುಗಿಸಿದ ಗುರುತಿತ್ತು. ಅಂಗೈಯಗಲದ ಹಿತ್ತಾಳೆ ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಬೆಲ್ಲ, ಎರಡು ಹರಳು ಕಲ್ಲುಸಕ್ಕರೆ ಇದ್ದವು.

ಚೆಲುವಮ್ಮ ಎದ್ದು ಮಗಳ ಬಲದಿಂದ ಎಡಕ್ಕೆ ಬಂದು ಕುಳಿತಳು. ನಾನಿದ್ದೇನೆಂಬುದನ್ನು ಮರೆತೇಬಿಟ್ಟಳು ಅನ್ನಿಸುತ್ತದೆ. ಅವಳ ಮುಖ ಬದಲಾಯಿತು. ಇಡೀ ದಿನ ಸಂತೆಯಲ್ಲಿ ಕೂಗಿ ಗಂಟುಬಿದ್ದ ಮುಖ ಸಡಿಲಾಗಿ, ಎಳೆ ಬಾಣಂತಿಯ ಮುಖದಂತೆ ಮೆತ್ತಗಾಯಿತು. ತುತ್ತು ಕಲಸಿ, "ಬಾ ಕಂದ," ಎಂದಳು.

ತುಳಸಿಯ ಕತ್ತು ಎಡಕ್ಕೆ ವಾಲಿತು. ಬಾತ ಕೆನ್ನೆಯ ಆ ಬದಿಯ ತುಟಿ ಮಾತ್ರ ತೆರೆಯಿತು. ತಾಯಿ ತುತ್ತು ಒಳಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಆ ಬಾಯಿಂದ ತೊದಲು ಮಾತು ಬಂತು. ಎಂಟು ವರ್ಷದ ಹುಡುಗಿಯ ದನಿಯಲ್ಲ, ಅದಕ್ಕಿಂತ ಬಹಳ ಎಳೆಯದು.

"ಅಮ್ಮ, ಇವತ್ತು ಬೆಲ್ಲ ಕಮ್ಮಿ."

"ನಾಳೆ ಜಾಸ್ತಿ ಹಾಕ್ತೀನಿ ಚಿನ್ನ," ಎಂದಳು ಚೆಲುವಮ್ಮ.

ಮಕ್ಕಳು ಆಟ ಕಟ್ಟುತ್ತಾರೆ, ತಾಯಿಯ ಸಂತೋಷಕ್ಕೆ ಈ ಮಗು ಸತ್ತ ತಂಗಿಯ ದನಿ ತೆಗೆಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯನ್ನು ನುಂಗಿಕೊಂಡಾಗ ಮನುಷ್ಯರಿಗೆ ಬುದ್ಧಿ ಚುರುಕಾಗುತ್ತದೋ ಏನೋ, ಅಲ್ಲೇ ಕುಳಿತಲ್ಲಿ ನನಗೊಂದು ಉಪಾಯ ಹೊಳೆಯಿತು. ತುತ್ತು ನಿಲ್ಲಿಸು ಎಂದರೆ ಈ ತಾಯಿ ಕೇಳುವವಳಲ್ಲ. ಅದು ಅವಳಿಗೆ ಸತ್ತ ಮಗಳನ್ನು ಇನ್ನೊಂದು ಸಲ ಸಾಯಿಸಿದ ಹಾಗೆ. ಅವಳ ಲೆಕ್ಕದಿಂದಲೇ ಅವಳನ್ನು ಗೆಲ್ಲಬೇಕು.

"ಚೆಲುವಮ್ಮ, ದವನಂಗೆ ಈಗ ಎಷ್ಟು ವರ್ಷ?" ಎಂದೆ.

ಅವಳು ತಬ್ಬಿಬ್ಬಾದಳು. ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ನಾಕು," ಎಂದವಳು, ತಡೆದು, ತುಳಸಿಯ ಕಡೆ ನೋಡಿದಳು.

"ಜೊತೇಲಿ ಹುಟ್ಟಿದೋರಲ್ಲವಾ? ತುಳಸಿಗೆ ಎಂಟಾದರೆ ಅವಳಿಗೂ ಎಂಟು. ನಾನು ಕಿತ್ತದ್ದು ಅವಳ ಹಾಲುಹಲ್ಲು. ಅದರ ಕೆಳಗೆ ದೊಡ್ಡ ಹಲ್ಲು ಬರಲಿಕ್ಕೆ ಕಾದು ಕೂತಿವೆ. ನಿನ್ನ ಮಗಳು ದೊಡ್ಡವಳಾಗಿದ್ದಾಳೆ, ನೀನಿನ್ನೂ ಕೂಸಿನ ಊಟ ಹಾಕ್ತಿದ್ದೀಯ. ಹೀಗೇ ಹಾಕಿದರೆ ಬರೋ ಹಲ್ಲೂ ಹೋಗುತ್ತೆ, ಅವಳ ಜೊತೆ ಇವಳೂ ಹೋಗ್ತಾಳೆ. ಅವಳಿಗೂ ರೊಟ್ಟಿ ಕೊಡು, ಕಾಳು ಕೊಡು, ಸೌತೆಕಾಯಿ ಕೊಡು, ಅಗಿದು ತಿನ್ನಲಿ. ತುಳಸಿ ಏನು ಉಣ್ತಾಳೋ ಅದನ್ನೇ ಉಣ್ಣಲಿ. ಉಂಡಮೇಲೆ ಇಬ್ಬರೂ ಬಾಯಿ ತೊಳೀಲಿ."

"ಉಪ್ಪು ಹಾಕಿದ್ದಾ?" ಅವಳ ದನಿ ಕೇಳಿಸುವಂತಿರಲಿಲ್ಲ.

"ಉಪ್ಪು ಹಾಕಿದ್ದೇ," ಎಂದೆ ನಾನು.

ಅವಳು ಹಿತ್ತಾಳೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅತ್ತಳು. ದುಃಖದ ಅಳುವಲ್ಲ ಅದು. ನಾಲ್ಕು ವರ್ಷದಿಂದ ನಾಲ್ಕೇ ವರ್ಷದವಳಾಗಿ ನಿಂತುಹೋಗಿದ್ದ ಮಗಳು ಒಮ್ಮೆಲೇ ಎದ್ದು ಬೆಳೆದು ಮುಂದೆ ಬಂದು ನಿಂತಿದ್ದಳು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮಾರನೆಯ ದಿನ ಜವರಯ್ಯನ ಮುಂದೆ ಕೊಚ್ಚಿಕೊಂಡೆ. ಅವನು ನಗಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಉಗುಳಿ ಬಂದು ನಿಂತ.

"ಸಕ್ಕರೆ ಬುಡಿಸಿದ್ದು ಒಳ್ಳೇದಾಯ್ತು. ಉಪ್ಪು ಹೇಳ್ಬಾರ್ದಾಗಿತ್ತು ನೀವು. ಇನ್ನ ನಾಕೈದು ವರ್ಷ ಹೋಗಿದ್ರೆ ಅದು ತಾನೇ ತಣ್ಣಗೆ ಹೋಗ್ತಿತ್ತು."

"ಅಲ್ಲಿಯವರೆಗೆ ತುಳಸಿ ಉಳೀತಿದ್ದಳಾ ಜವರಯ್ಯ?"

ಅವನು ಚಿಮಟ ತೊಳೆಯಲು ಹೋದ. ಆ ಪ್ರಶ್ನೆಯನ್ನು ಇವತ್ತಿಗೂ ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಮೂರು ವಾರದಲ್ಲಿ ಗಾಯ ಒಣಗಿತು. ಜ್ವರ ಬಿಟ್ಟಿತು. ಆರು ತಿಂಗಳಿಗೊಮ್ಮೆ ಕರೆದುಕೊಂಡು ಬಾ ಎಂದಿದ್ದೆ, ಚೆಲುವಮ್ಮ ತಪ್ಪದೆ ಬಂದಳು. ಬಂದಾಗಲೆಲ್ಲ ನನಗೆ ಎರಡು ಮಾರು ಮಲ್ಲಿಗೆ ತರುತ್ತಿದ್ದಳು, ಒಬ್ಬೊಬ್ಬ ಮಗಳ ಲೆಕ್ಕಕ್ಕೆ ಒಂದೊಂದು. ಅವಳ ನಡಿಗೆಯೇ ಬದಲಾಗಿತ್ತು, ಮುಖಕ್ಕೆ ಕಳೆ ಬಂದಿತ್ತು. "ದವನಂಗೆ ಖಾರ ಅಂದ್ರೆ ಪ್ರಾಣ ಡಾಕ್ಟ್ರಮ್ಮ. ಹಸಿಮೆಣಸಿನಕಾಯಿ ಚಟ್ನಿ ಹಾಕಿದ್ರೆ ಎರಡು ರೊಟ್ಟಿ ಉಣ್ತಾಳೆ. ತುಳಸಿ ಹಂಗಲ್ಲ, ಅವಳದು ಸಪ್ಪೆ ನಾಲಿಗೆ. ಆದ್ರೂ ಎರಡು ತಟ್ಟೇನೂ ಖಾಲಿಯಾಗುತ್ತೆ," ಎಂದು ಹರಟುತ್ತಿದ್ದಳು. ಇದು ಅತಿಯಾಯಿತು ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಎಡಗಡೆ ಹುಟ್ಟುತ್ತಿದ್ದ ಹೊಸ ಹಲ್ಲುಗಳನ್ನು ಕಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಎಷ್ಟು ಚೆಂದದ ಹಲ್ಲು ಅವು. ಕನ್ನಡಿಗೂ ಈಗ ಎರಡೂ ಕಡೆ ಮಂಜು ಹಿಡಿಯುತ್ತಿತ್ತು.

ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಅವರು ಬಂದರು. ಹುಡುಗಿಗೆ ಹತ್ತು ತುಂಬಿತ್ತು, ಮೈಕೈ ತುಂಬಿಕೊಂಡು ಎತ್ತರವಾಗಿದ್ದಳು. ಸೌಖ್ಯವೇ ಎಂದು ಕೇಳಿದ್ದಕ್ಕೆ ನಕ್ಕಳು. ಅವಳು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುರ್ಚಿಗೆ ಕೂರಿಸಿ ಎಡಗಡೆ ನೋಡಿದೆ. ಮೇಲೆ ಕೆಳಗೆ ಎಲ್ಲ ಹಲ್ಲೂ ತೊಳೆದಿಟ್ಟಂತಿದ್ದವು, ಚೆನ್ನಾಗಿ ಅಗಿದು ಉಣ್ಣುವವರ ಹಲ್ಲಿನ ತುದಿ ನಯವಾಗುತ್ತದಲ್ಲ, ಹಾಗೆ ನಯವಾಗಿದ್ದವು. ಕನ್ನಡಿ ತೆಗೆದು ಒರೆಸಿ ಬಲಗಡೆಗೆ ಇಟ್ಟೆ.

ಬಲಗಡೆಯ ಹಲ್ಲುಗಳಿಗೆ ಬುಡದಿಂದ ತುದಿಯವರೆಗೆ ಹಳದಿ ಪಾಚಿ ಕಟ್ಟಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಅಗಿಯುವ ಮೇಲ್ಭಾಗವೂ ಮುಚ್ಚಿಹೋಗಿತ್ತು. ಉಣ್ಣುವ ಬಾಯಲ್ಲಿ ಪಾಚಿ ಹಾಗೆ ಕಟ್ಟುವುದಿಲ್ಲ. ಲಕ್ವ ಹೊಡೆದವರಲ್ಲಿ, ವರ್ಷಗಟ್ಟಲೆ ಒಂದು ಕಡೆ ಏನನ್ನೂ ಅಗಿಯದವರಲ್ಲಿ ನೋಡಿದ್ದೆ. ಕಳೆದ ಸಲ ಅಲ್ಲಿ ಇದರ ಸುಳಿವಿರಲಿಲ್ಲ. ನಾನು ಕನ್ನಡಿಯನ್ನು ಅಲ್ಲೇ ಹಿಡಿದು ಕಾದೆ. ನೂರು ಎಣಿಸುವಷ್ಟು ಹೊತ್ತು ಕಾದೆ. ಅದು ತಿಳಿಯಾಗಿಯೇ ಇತ್ತು.

"ಚೆಲುವಮ್ಮ, ಜವರಯ್ಯನ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಬಾ," ಎಂದು ಅವಳನ್ನು ಹೊರಗೆ ಕಳಿಸಿ ಬಾಗಿಲು ಸರಿಸಿದೆ. ಎಂದಿನ ದನಿಯಲ್ಲೇ ಕೇಳಿದೆ.

"ಈ ಕಡೆ ಹಲ್ಲು ಯಾಕೆ ಉಜ್ಜಲ್ಲ ಮಗು?"

"ಅದು ಅವಳ ಕಡೆ. ಅವಳದನ್ನ ಅವಳೇ ಉಜ್ಕೋಬೇಕು."

"ಯಾರು ಅವಳು?"

"ತುಳಸಿ."

ಆ ದನಿಯಲ್ಲಿ ತೊದಲಿರಲಿಲ್ಲ. ಹತ್ತು ವರ್ಷದ ಹುಡುಗಿಯ ಗಟ್ಟಿ ದನಿ, ಎದುರಿಗಿದ್ದವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಬಿಂಕ ಬೇರೆ. ನನ್ನ ಕೈಯಲ್ಲಿದ್ದ ಕನ್ನಡಿಯನ್ನು ಮೇಜಿನ ಮೇಲಿಟ್ಟೆ.

"ತುಳಸಿ ಉಣ್ಣಲ್ಲವಾ?"

"ಉಣ್ತಿದ್ಲು. ಈಗ ಬಿಟ್ಟಿದಾಳೆ. ಉಂಡು ತುಂಬಾ ದಿನ ಆಯ್ತು."

"ಎರಡು ತಟ್ಟೇನೂ ಖಾಲಿಯಾಗುತ್ತೆ ಅಂತಾಳಲ್ಲ ನಿಮ್ಮಮ್ಮ?"

"ಎರಡೂ ನಾನೇ ಉಣ್ತೀನಿ. ಅಮ್ಮಂಗೆ ಗೊತ್ತಿಲ್ಲ."

"ತುಳಸಿ ಯಾಕೆ ಬಿಟ್ಟಳು?"

ಹುಡುಗಿಯ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ಹೇಳಲೇಬೇಕು. ಅಕ್ಕತಂಗಿಯರಲ್ಲಿ ಒಬ್ಬಳ ವಿಷಯವನ್ನು ಇನ್ನೊಬ್ಬಳು ಹೇಳುವಾಗ ಇರುವಷ್ಟೇ ಮರುಕವಿತ್ತು.

"ಅಮ್ಮ ಅವಳ ತಟ್ಟೆಗೆ ಬಡಿಸಿ ಎದ್ದುಬಿಡ್ತಿದ್ಲು. ನನ್ ಕಡೆ ಬಂದ್ರೆ ಮುಗಿಯೋಗಂಟ ಕೂತು, ತಲೆ ಸವರಿ, ಕತೆ ಹೇಳ್ತಿದ್ಲು. ಅವಳು ದಿನಾ ನೋಡ್ತಿದ್ಲು. ಒಂದಿನ, ಅಮ್ಮಂಗೆ ನೀನೇ ಇಷ್ಟ, ನೀನೇ ಉಣ್ಣು ಅಂದ್ಲು. ಅವತ್ತಿಂದ ಬಾಯೇ ತೆಗ್ದಿಲ್ಲ."

ಸತ್ತ ಮಗುವೋ, ಬದುಕಿದ ಮಗುವೇ ಕಟ್ಟಿಕೊಂಡ ಸತ್ತ ಮಗುವೋ, ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಆದರೆ ತುಳಸಿ ಮಾಡಿದ್ದು ಚೆನ್ನಾಗಿ ಅರ್ಥವಾಯಿತು. ಎಂಟು ವರ್ಷದವಳಾಗಿದ್ದಾಗ ಆ ಹುಡುಗಿ ತಾಯಿಗಾಗಿ ತನ್ನ ಅರ್ಧ ಬಾಯಿ ಬಿಟ್ಟುಕೊಟ್ಟು ನೋವು ತಿಂದಿದ್ದಳು. ಈಗ ಉಳಿದರ್ಧವನ್ನೂ ಬಿಟ್ಟುಕೊಟ್ಟು ಹಿಂದಕ್ಕೆ ಸರಿದಿದ್ದಳು. ದವನಳನ್ನು ಮನೆಯವಳನ್ನಾಗಿ ಮಾಡಿ ಎಂದವಳು ನಾನು. ಆ ಮನೆಯಲ್ಲಿ ಇನ್ನೊಬ್ಬ ಮಗಳ ಕಡೆಗೂ ಯಾರಾದರೂ ಕೂರಬೇಕಲ್ಲ ಎಂದು ನನಗೆ ಹೊಳೆದಿರಲಿಲ್ಲ. ಹಲ್ಲು ಉಳಿಸಿದೆ, ಹುಡುಗಿಯನ್ನು ಕಳೆದೆ. ನನಗೆ ಅಳು ಬಂತು.

"ಅವಳನ್ನ ಕರೀತೀಯಾ?"

"ಕರದ್ರೆ ಬರಲ್ಲ. ಒಳಗೆ ಎಲ್ಲೋ ದೂರ ಇದಾಳೆ."

ಹೊರಗೆ ಚೆಲುವಮ್ಮ ಜವರಯ್ಯನ ಜೊತೆ ಏನೋ ಹೇಳಿ ನಗುತ್ತಿದ್ದಳು. ನಾನು ಕುರ್ಚಿಯ ಬಲಕ್ಕೆ ಬಂದು ಮೊಣಕಾಲೂರಿ ಕುಳಿತೆ. ಆ ಬದಿಯಲ್ಲಿ ಅವಳ ಹತ್ತಿರ ಯಾರಾದರೂ ಕುಳಿತು ಎಷ್ಟು ದಿನವಾಗಿತ್ತೋ. ಕೆನ್ನೆ ಮುಟ್ಟಿದರೆ ತಣ್ಣಗಿತ್ತು. ಹಲ್ಲಿನ ವೈದ್ಯರು ಎಂದೂ ಮಾಡಬಾರದ ಕೆಲಸವೊಂದಿದೆ. ಮಕ್ಕಳ ಬಾಯಲ್ಲಿ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಬರಿಬೆರಳು ಇಡಬಾರದು. ನಾನು ನನ್ನ ತೋರುಬೆರಳನ್ನು ಬಲಗಡೆಯ ಆ ಪಾಚಿಗಟ್ಟಿದ ದವಡೆಯ ಮೇಲೆ ಇಟ್ಟೆ. ಬಾಯಿಯನ್ನು ಅವಳ ಬಲ ಕಿವಿಯ ಹತ್ತಿರ ತಂದೆ.

"ತುಳಸಿ," ಎಂದೆ. "ತಪ್ಪು ನನ್ನದು ಕಣಮ್ಮ. ನಿನ್ನ ಕೇಳಲೇ ಇಲ್ಲ ನಾನು. ನಿನಗೆ ಸಿಟ್ಟಿರುತ್ತೆ. ಕಚ್ಚು. ಎಷ್ಟು ಜೋರಾಗಿ ಬೇಕಾದರೂ ಕಚ್ಚು. ಎಲ್ಲಿಗೂ ಹೋಗಲ್ಲ ನಾನು, ಇಲ್ಲೇ ಕೂತಿರ್ತೀನಿ."

ಏನೂ ಆಗಲಿಲ್ಲ. ಎಡಗಣ್ಣು ಕುತೂಹಲದಿಂದ ನನ್ನನ್ನೇ ನೋಡುತ್ತಿತ್ತು. ಬಲಗಣ್ಣು ಚಾವಣಿಯ ಕಡೆ ನೆಟ್ಟಿತ್ತು. ಮೊಣಕಾಲು ನೋಯತೊಡಗಿತು. ಬಾಗಿಲಾಚೆ ಬಳೆಯ ಸದ್ದು ಹತ್ತಿರ ಬಂತು.

"ದವನಾ, ಆಯ್ತೇನವ್ವ?" ಎಂದಳು ಚೆಲುವಮ್ಮ.

ಎಡಗಡೆಯ ತುಟಿ ಓಗೊಡಲು ಅಲುಗಿತು. ಆಗ ಬಲಗಡೆಯಿಂದ, ಹಾಲು ಕುಡಿಯುವ ಕೂಸು ಒಸಡಿನಿಂದ ಒತ್ತಿದಷ್ಟು ಮೆಲ್ಲಗೆ, ನನ್ನ ಬೆರಳ ಮೇಲೆ ಹಲ್ಲು ಊರಿತು. ಹೊರಗಿನಿಂದ ಮತ್ತೊಮ್ಮೆ ದವನಾ ಎಂಬ ಕರೆ ಬಂತು. ನಾನು ಬೆರಳು ತೆಗೆಯಲಿಲ್ಲ.